ನಲವತ್ತಕ್ಕೆ ಪಾಸು

ಹೋದ ತಿಂಗಳು ನಮ್ಮ ಸಾರ್ ತೀರಿಕೊಂಡರು. ಸತ್ತವರ ಬಗ್ಗೆ ಮೆಲುದನಿಯಲ್ಲಿ ಮಾತಾಡಬೇಕು ಅನ್ನುತ್ತಾರೆ. ಇವರ ವಿಷಯದಲ್ಲಿ ಅದು ನನ್ನ ಕೈಲಾಗುವುದಿಲ್ಲ. ಸಾರ್ ಮಾತಾಡುತ್ತಲೇ ಇರಲಿಲ್ಲ, ಕೂಗುತ್ತಿದ್ದರು. ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯಲ್ಲಿ ಅಕೌಂಟ್ಸ್ ಆಫೀಸರ್ ಆಗುವ ಮೊದಲು ಅವರು ಅದೇ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ವರ್ಷಗಟ್ಟಲೆ ತಗಡು ಒತ್ತಿದವರು. ಆ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಗಂಟಲು ಅದೇ ಮಟ್ಟದಲ್ಲಿ ನಿಂತುಬಿಟ್ಟಿತ್ತು. "ಬಾರಮ್ಮ ಇಲ್ಲಿ, ಒಂದು ಗುಟ್ಟು ಹೇಳ್ತೀನಿ" ಅಂತ ಕರೆದರೆ ಗೇಟಿನಲ್ಲಿದ್ದ ಸೆಕ್ಯೂರಿಟಿಯವನಿಗೂ ಆ ಗುಟ್ಟು ಗೊತ್ತಾಗುತ್ತಿತ್ತು.

ಅವರ ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಬಿಟ್ಟರೆ ಉಳಿದ ಮೂರು ಬೆರಳು ಇರಲಿಲ್ಲ. ಪ್ರೆಸ್ಸಿನ ಬಾಯಿಗೆ ಹೋಗಿದ್ದವು. ಪೀಣ್ಯದಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ಬೆಳಗಿನ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತ ಕೈಗಳನ್ನು ಸ್ವಲ್ಪ ಗಮನಿಸಿದರೆ ಸಾಕು. ಸುಮಾರು ಜನ ಅಂಥ ಕೈಯನ್ನು ಜೇಬಿನಲ್ಲೋ ಕರವಸ್ತ್ರದಲ್ಲೋ ಮುಚ್ಚಿಕೊಂಡು ಓಡಾಡುತ್ತಾರೆ. ನಮ್ಮ ಸಾರ್ ಆ ಎರಡೇ ಬೆರಳಲ್ಲಿ ಕೋಡುಬಳೆ ಹಿಡಿದುಕೊಂಡು, ಬಲಗೈಯಲ್ಲಿ ಕ್ಯಾಲ್ಕುಲೇಟರ್ ಕುಟ್ಟುತ್ತಾ ಕೂತಿರುತ್ತಿದ್ದರು. ಹೊಸಬರು ಯಾರಾದರೂ ಕದ್ದು ನೋಡಿದರೆ ತಾವೇ ಕೈ ಎತ್ತಿ, "ನೋಡ್ಕೊಳ್ರೀ, ಚೆನ್ನಾಗಿ ನೋಡ್ಕೊಳ್ರೀ, ಟಿಕೆಟ್ ಏನಿಲ್ಲ" ಅನ್ನುವರು. ಬೆರಳು ಹೋದಮೇಲೆ ಸಂಜೆ ಕಾಲೇಜಿಗೆ ಸೇರಿ ಬಿ.ಕಾಂ. ಮುಗಿಸಿದ್ದು, ಮಾಲೀಕರ ಮುಂದೆ ನಿಂತು ಆಫೀಸಿನಲ್ಲಿ ಕುರ್ಚಿ ಕೇಳಿದ್ದು, ಇದನ್ನೆಲ್ಲ ಕೇಳಿದವರಿಗೂ ಹೇಳುವರು, ಕೇಳದವರಿಗೂ ಹೇಳುವರು. ವಿನಯ ಗಿನಯ ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ಅವರಿಗೆ ಜೀವನದಲ್ಲಿ ಒಂದೇ ಒಂದು ಕೊರಗು. "ಮೂರು ಬೆರಳು ಕೊಟ್ಟೆ ಕಣಮ್ಮ, ಆದ್ರೂ ಫೇಲು!"

ಇದೇನೆಂದು ಹೇಳಬೇಕು. ಅಂಗವೈಕಲ್ಯ ಇರುವವರಿಗೆ ಆದಾಯ ತೆರಿಗೆಯಲ್ಲಿ ಒಂದು ರಿಯಾಯಿತಿ ಇದೆ. ಆದರೆ ಅದಕ್ಕೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಮಂಡಳಿ ಮುಂದೆ ಹೋಗಿ, ನಮ್ಮ ಊನ ಶೇಕಡಾ ಎಷ್ಟು ಅಂತ ಬರೆಸಿಕೊಂಡು ಬರಬೇಕು. ನಲವತ್ತು ದಾಟಿದರೆ ರಿಯಾಯಿತಿ. ಎಂಬತ್ತು ದಾಟಿದರೆ ಇನ್ನೂ ಜಾಸ್ತಿ. ನಲವತ್ತಕ್ಕೆ ಒಂದು ಕಮ್ಮಿಯಾದರೂ ಸೊನ್ನೆ. ಸಾರ್ ಕೈಗೆ ಮಂಡಳಿ ಇಪ್ಪತ್ತು ಚಿಲ್ಲರೆ ಬರೆದು ಕಳಿಸಿತ್ತು. ಅವತ್ತಿನಿಂದ ಅವರ ಭಾಷೆಯಲ್ಲಿ ನಲವತ್ತು ಅಂದರೆ ಪಾಸು, ಎಂಬತ್ತು ಅಂದರೆ ಡಿಸ್ಟಿಂಕ್ಷನ್. ಕಾರ್ಖಾನೆಯಲ್ಲಿ ಯಾರಿಗೆ ಏನಾದರೂ ಐಬಿದ್ದರೆ, "ಪಾಸೋ ಫೇಲೋ?" ಅಂತಲೇ ಕೇಳುವರು. ಹೊರಗಿನವರು ಕೇಳಿದರೆ ಛೀ ಅಂದಾರು. ನಾವ್ಯಾರೂ ಬೇಜಾರು ಮಾಡಿಕೊಂಡವರಲ್ಲ. ಆ ಯಪ್ಪನೇ ಫೇಲಲ್ಲವೇ.

ಇನ್ನು ನನ್ನ ವಿಷಯ. ನನ್ನ ಬಲಗಾಲಿಗೆ ಪೋಲಿಯೊ. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂತು, ಜ್ವರ ಹೋಯಿತು, ಕಾಲಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಅಮ್ಮ, ಅಣ್ಣ, ನಾನು. ಅಪ್ಪ ಬೇಗ ಹೋದರು. ಅಣ್ಣ ಐಟಿಐ ಮಾಡಿ ಈ ಕಾರ್ಖಾನೆಯ ಮಷೀನ್ ಶಾಪಿಗೆ ಸೇರಿ, ಮೇಲೆ ಬಂದು ಸೂಪರ್‌ವೈಸರ್ ಆಗಿದ್ದ. ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸ್ಕೂಲಿಗೆ, ಆಮೇಲೆ ಮೊಪೆಡ್ಡಿನಲ್ಲಿ ಕಾಲೇಜಿಗೆ ಬಿಟ್ಟವನೂ ಅವನೇ. ಬಿ.ಕಾಂ. ಆದಮೇಲೆ ನಾನು ಮನೆಯಲ್ಲಿ ಕೂತು ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ದುಡ್ಡು ಕೊಟ್ಟವರದು ಇಸಕೊಂಡೆ, ಕೊಡದವರದು ಬಿಟ್ಟೆ.

ಆ ಕಾಲದಲ್ಲಿ ಮೆಟ್ರೋ ಇರಲಿ, ಮೆಟ್ರೋದ ಕಂಬವೂ ಎದ್ದಿರಲಿಲ್ಲ. ಜನವರಿ ಬಂತೆಂದರೆ ಆಫೀಸಿನ ಮುಂದೆ ಸಾಲು. ತೆರಿಗೆ ಹಿಡಿಯುವ ಮುಂಚೆ ಎಲ್ಲರೂ ವಿಮೆ ರಸೀತಿ, ಬಾಡಿಗೆ ರಸೀತಿ, ಮಕ್ಕಳ ಫೀಸಿನ ರಸೀತಿ ತಂದು ತೋರಿಸಬೇಕು. ಬೇರೆ ಕಾರ್ಖಾನೆಗಳಲ್ಲಿ ಆಫೀಸಿನವರು ಅದನ್ನು ಸುಮ್ಮನೆ ಇಸಕೊಂಡು ಪಿನ್ ಹೊಡೆಯುತ್ತಾರೆ. ನಮ್ಮ ಸಾರ್ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡುವರು. ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರಿಗೆ ಏನು ಕಾಯಿಲೆ, ಯಾರು ದುಡಿಯುತ್ತಾರೆ, ಯಾರು ಕೂತು ತಿನ್ನುತ್ತಾರೆ. ಅಣ್ಣನ ಸರದಿ ಬಂದಾಗ ನನ್ನ ವಿಷಯ ಬಂತು.

"ತಂಗಿ ಇದ್ದಾಳೆ ಸಾರ್. ಮದುವೆ ಆಗಿಲ್ಲ. ಕಾಲು ಸ್ವಲ್ಪ..." ಅಂದನಂತೆ ಅಣ್ಣ.

"ಸ್ವಲ್ಪ ಅಂದ್ರೆ ಎಷ್ಟು?" ಸಾರ್ ಕೂಗಿದರಂತೆ.

ಅಣ್ಣ ತಬ್ಬಿಬ್ಬು. ನಮ್ಮ ಮನೆಗೆ ಬಂದು ಹೋದವರೆಲ್ಲ ನನ್ನ ಕಾಲನ್ನು ನೋಡಿ ಪಾಪ ಅಂದಿದ್ದರು, ಹಣೆಬರಹ ಅಂದಿದ್ದರು. ಎಷ್ಟು ಅಂತ ಯಾರೂ ಕೇಳಿರಲಿಲ್ಲ.

ಸಾರ್ ಅವತ್ತು ಅಣ್ಣನಿಗೆ ಪಾಠ ಮಾಡಿ ಕಳಿಸಿದರು. ಅಂಗವಿಕಲರಾದ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು ಯಾರನ್ನಾದರೂ ಸಾಕುತ್ತಿದ್ದರೆ ಸಂಬಳದ ಇಷ್ಟು ಭಾಗಕ್ಕೆ ತೆರಿಗೆ ಇಲ್ಲ. ಖರ್ಚಿನ ಬಿಲ್ಲು ತೋರಿಸಬೇಕಾಗಿಲ್ಲ, ಮಂಡಳಿಯ ಸರ್ಟಿಫಿಕೇಟ್ ಇದ್ದರೆ ಸಾಕು. ತೆರಿಗೆ ಕಾನೂನಿನಲ್ಲಿ ಅದರ ಹೆಸರು ಎಯ್ಟಿ ಡಿಡಿ. ಅದೇ ಆ ಮನುಷ್ಯ ತಾನೇ ದುಡಿದು ತಾನೇ ತನ್ನ ಹೆಸರಲ್ಲಿ ಕೇಳಿದರೆ ಎಯ್ಟಿ ಯು. ಒಂದೇ ಕಾಲಿಗೆ ಎರಡೂ ಕಡೆ ಕೇಳುವ ಹಾಗಿಲ್ಲ. ಅಣ್ಣ ಮನೆಗೆ ಬಂದು ಇದನ್ನೆಲ್ಲ ಒಪ್ಪಿಸಿ, "ನಾಳಿದ್ದು ಆಸ್ಪತ್ರೆಗೆ ಹೋಗ್ಬೇಕು ಕಣೇ" ಅಂದ.

ಅಲ್ಲಿ ನಾನು ಮಾಡಿದ ಕೆಲಸ ಕೇಳಿ.

ಅಮ್ಮ ಬೆಳಗ್ಗೆ ಎದ್ದು ನನಗೆ ಇಸ್ತ್ರಿ ಮಾಡಿದ ಸೀರೆ ಉಡಿಸಿದಳು. "ಡಾಕ್ಟ್ರು ದೊಡ್ಡೋರು. ನೆಟ್ಟಗೆ ನಡಿಯವ್ವ. ಇಂಗೆ ಕುಂಟ್ಕಂಡ್ ಓಗ್ಬೇಡ" ಅಂದಳು. ಚಿಕ್ಕಂದಿನಿಂದ ಕೇಳಿದ ಮಾತು. ಹೊರಗಿನವರ ಮುಂದೆ ನಡೆಯಲು ನನಗೆ ಒಂದು ಬೇರೆಯ ನಡಿಗೆಯೇ ಇತ್ತು. ದಪ್ಪ ಅಟ್ಟೆಯ ಬೂಟು, ಅದನ್ನು ಮುಚ್ಚುವ ಸೀರೆ, ಸೀರೆಯ ನೆರಿಗೆ ಹಿಡಿದ ಹಾಗೆ ಕಾಣುವ ಕೈ. ನಿಜವಾಗಿ ಆ ಕೈ ಮಂಡಿಯನ್ನು ಒತ್ತಿ ಹಿಡಿದಿರುತ್ತಿತ್ತು. ಹೆಣ್ಣು ನೋಡಲು ಬಂದ ಎರಡು ಗಂಡಿನ ಕಡೆಯವರ ಮುಂದೆ ಅಡುಗೆಮನೆ ಬಾಗಿಲಿಂದ ಚಾಪೆಯವರೆಗೆ ಕಾಫಿ ತಟ್ಟೆ ಸಮೇತ ಆ ನಡಿಗೆ ನಡೆದು ತೋರಿಸಿದ್ದೆ. ಕಾಫಿ ಚೆಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಜನವೋ ಜನ. ಡಾಕ್ಟರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. "ನಡೀರಮ್ಮ" ಅಂದರು. ನಡೆದೆ ನೋಡಿ! ಬೆನ್ನು ನೆಟ್ಟಗೆ, ಮುಖದಲ್ಲಿ ನಗು. "ಬೂಟು ಬಿಚ್ಚಿ ನಡೆಯೋಕೆ ತೊಂದ್ರೆ ಆಗುತ್ತಾ?" ಅಂದರು. "ಏನೂ ತೊಂದ್ರೆ ಇಲ್ಲ ಸಾರ್, ಆರಾಮಾಗಿದ್ದೀನಿ" ಅಂದೆ, ಬೂಟು ಮಾತ್ರ ಬಿಚ್ಚಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಸಂಜೆ ಸರ್ಟಿಫಿಕೇಟ್ ಕೈಗೆ ಬಂದಾಗ ಅದರಲ್ಲಿ ಮೂವತ್ತೈದು ಅಂತ ಇತ್ತು. ಊನ ಎಷ್ಟಿದೆ ಅಂತ ಅಳೆಸಿಕೊಳ್ಳಲು ಹೋಗಿ, ಊನವೇ ಇಲ್ಲ ಅಂತ ತೋರಿಸಿ ಬಂದ ಹುಚ್ಚಿ ನಾನು.

ಮಾರನೆಯ ದಿನ ಸಾರ್ ಅದನ್ನು ನೋಡಿ ಅಣ್ಣನ ಕೈಲಿ ನನ್ನನ್ನು ಕಾರ್ಖಾನೆಗೆ ಕರೆಸಿದರು. ಮೊದಲ ಭೇಟಿ. ಒಳಗೆ ಕಾಲಿಟ್ಟ ಕೂಡಲೇ, "ಏನಮ್ಮಾ, ನೀನು ಆಸ್ಪತ್ರೆಗೆ ಹೋಗಿದ್ಯೋ, ಹೆಣ್ಣು ತೋರಿಸೋಕೆ ಹೋಗಿದ್ಯೋ?" ಅಂದರು. ಇಡೀ ಆಫೀಸು ಕೇಳಿಸಿಕೊಂಡಿತು. ನನಗೆ ಮೈಯೆಲ್ಲ ಉರಿ.

"ನಡಿ ನೋಡೋಣ."

ನಡೆದೆ, ಅದೇ ನಡಿಗೆ.

"ಇದು ನಿನ್ನ ನಡಿಗೆನಾ?"

"ಹೌದು ಸಾರ್."

"ಸುಳ್ಳು. ಮನೇಲಿ ಒಲೆ ಮೇಲೆ ಸಾರು ಉಕ್ತಿದ್ರೆ ಅಡುಗೆಮನೆಗೆ ಹೆಂಗೆ ಓಡ್ತೀಯ? ಅದನ್ನ ತೋರ್ಸು."

ತೋರಿಸುವುದೇನು, ನನಗೆ ಎಂಥಾ ಸಿಟ್ಟು ಬಂತೆಂದರೆ, ನೀವೂ ಬೇಡ ನಿಮ್ಮ ತೆರಿಗೆಯೂ ಬೇಡ ಅಂತ ತಿರುಗಿ ಬಾಗಿಲ ಕಡೆ ಹೊರಟೇಬಿಟ್ಟೆ. ಕೈ ತಾನಾಗಿ ಮಂಡಿಗೆ ಹೋಯಿತು, ಸೊಂಟ ಒಂದು ಕಡೆ ವಾಲಿತು, ಭುಜ ಎದ್ದು ಬಿದ್ದು, ಸರಸರ ಬಾಗಿಲು ಮುಟ್ಟಿದೆ. ಹಿಂದಿನಿಂದ ಚಪ್ಪಾಳೆ. ಒಂದೂವರೆ ಕೈಯಲ್ಲಿ ಅದೆಷ್ಟು ಜೋರಾಗಿ ತಟ್ಟುತ್ತಿದ್ದರೋ ಮಾರಾಯ್ರು. "ಹಾಂ! ಇದು! ಇದು ಕಣಮ್ಮ ನಿನ್ನ ನಡಿಗೆ! ಎಷ್ಟು ಸ್ಪೀಡಾಗಿದೆ ನೋಡು!"

ಯಾರೂ ನನ್ನ ನಡಿಗೆಗೆ ಅದುವರೆಗೆ ಚಪ್ಪಾಳೆ ತಟ್ಟಿರಲಿಲ್ಲ. ಬಾಗಿಲ ಹತ್ತಿರ ನಿಂತು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಸಾರ್ ಡ್ರಾಯರ್ ಎಳೆದು ಕೋಡುಬಳೆ ಕೊಟ್ಟರು.

ಮತ್ತೆ ಅರ್ಜಿ ಹಾಕಿಸಿದರು. ಎರಡನೇ ಸಲ ರಜೆ ಹಾಕಿ ತಾವೇ ಜೊತೆಗೆ ಬಂದರು. ಅಣ್ಣನಿಗೆ ಶಿಫ್ಟು ಬಿಡುವ ಹಾಗಿರಲಿಲ್ಲ. ಬೆಂಚಿನ ಮೇಲೆ ಅರ್ಧ ದಿನ ಕೂತೆವು. ಅಷ್ಟರಲ್ಲಿ ಸಾರ್ ಅಕ್ಕಪಕ್ಕದವರೆಲ್ಲರ ಕಥೆ ಕೇಳಿ, ಯಾರು ಪಾಸಾಗಬಹುದು ಯಾರು ಫೇಲಾಗಬಹುದು ಅಂತ ಭವಿಷ್ಯ ಹೇಳಿ ಮುಗಿಸಿದ್ದರು. ನನ್ನ ಹೆಸರು ಕೂಗಿದಾಗ ನಾನು ಒಳಗೆ ಹೋದೆ. ಡಾಕ್ಟರು ಬೇರೆಯವರು. ನನ್ನ ಹಾಳು ಅಭ್ಯಾಸ ನೋಡಿ, ಅವರ ಬಿಳಿ ಕೋಟು ಕಂಡ ಕೂಡಲೇ ಬೆನ್ನು ನೆಟ್ಟಗಾಯಿತು, ಕೈ ಸೀರೆಯ ನೆರಿಗೆಗೆ ಹೋಯಿತು. ಬಾಗಿಲ ಹೊರಗಿನಿಂದ ಪ್ರೆಸ್ ಶಾಪಿನ ಗಂಟಲು ಕೇಳಿಸಿತು.

"ಸಾರು ಉಕ್ತು ಕಣಮ್ಮಾ!"

ಡಾಕ್ಟರು ಬೆಚ್ಚಿಬಿದ್ದರು. "ಯಾರ್ರೀ ಅದು?" ಅಂದರು. "ನಮ್ಮ ಸಾರ್" ಅಂದೆ. ಬೂಟು ಬಿಚ್ಚಿಟ್ಟು ನನ್ನ ನಡಿಗೆ ನಡೆದೆ. ಅಳತೆ ಪಟ್ಟಿ ಹಿಡಿದು ಕಾಲು ಅಳೆದರು, ಒತ್ತಿ ನೋಡಿದರು, ಎತ್ತು ಅಂದರು, ಮಡಚು ಅಂದರು. ಐವತ್ತೈದು ಬಂತು. "ಸೆಕೆಂಡ್ ಕ್ಲಾಸು! ನನಗಿಂತ ಬುದ್ಧಿವಂತೆ" ಅಂತ ಸಾರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂಗಿದರು. ವಾಪಸ್ ಬಸ್ಸಿನಲ್ಲಿ ಬರುವಾಗ ಏನು ಓದಿದ್ದೀಯ ಅಂತ ಕೇಳಿದರು. ಬಿ.ಕಾಂ. ಅಂದೆ. ಮತ್ತೆ ಮನೇಲಿ ಯಾಕೆ ಕೂತಿದ್ದೀಯ ಅಂದರು. ಕಿಟಕಿಯಾಚೆ ನೋಡಿದೆ.

ಆಮೇಲೆ ಎರಡು ಜನವರಿ ಅಣ್ಣ ನನ್ನ ಹೆಸರು ಬರೆದು ರಿಯಾಯಿತಿ ತಗೊಂಡ. ಸಾರ್ ಪ್ರತಿ ಸಲವೂ ಅವನಿಗೆ ಒಂದು ಪ್ರಶ್ನೆ ಕೇಳುತ್ತಿದ್ದರಂತೆ, "ತಂಗಿ ಇನ್ನೂ ಡಿಪೆಂಡೆಂಟೇನಪ್ಪಾ?" ಅಣ್ಣ ಮನೆಗೆ ಬಂದು, "ಆ ಯಪ್ಪಂಗೆ ಬೇರೆ ಕೆಲಸ ಇಲ್ಲ" ಅಂತ ಗೊಣಗುತ್ತಿದ್ದ. ಆ ಇಂಗ್ಲಿಷ್ ಪದ ನಮ್ಮ ಮನೆಯಲ್ಲಿ ಬಂದು ಕೂತುಬಿಟ್ಟಿತು. ನನ್ನಿಂದ ಸರ್ಕಾರದ ಕಡೆಯಿಂದ ಏನೋ ಅನುಕೂಲ ಆಗುತ್ತಿದೆ ಅಂತ ಅಮ್ಮನಿಗೆ ಹೆಮ್ಮೆ. ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ನನ್ನ ಪರಿಚಯ ಮಾಡಿಸುವಾಗ, "ಇವ್ಳು ನನ್ ಮಗ್ಳು, ನಮ್ಮನೆ ಡಿಪೆಂಡೆಂಟು" ಅಂದಳು. ಅವರು ಅದೇನೋ ದೊಡ್ಡ ಕೆಲಸ ಅಂದುಕೊಂಡು ನನಗೆ ಕೈ ಮುಗಿದರು. ನಾನೂ ಮುಗಿದೆ. ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಮೂರನೇ ವರ್ಷದ ಬೇಸಿಗೆಯಲ್ಲಿ ಸಾರ್ ಕೈಕೆಳಗಿದ್ದ ಹುಡುಗಿ ಮದುವೆಯಾಗಿ ಹೊರಟಳು. ಸಾರ್ ಅಣ್ಣನ ಕೈಲಿ ಹೇಳಿಕಳಿಸಿದರು, ತಂಗಿಯನ್ನು ಸೋಮವಾರ ಕರೆದುಕೊಂಡು ಬಾ ಅಂತ. ಅಮ್ಮ ಬೇಡ ಅಂದಳು. ಅಣ್ಣನೂ, "ಅಲ್ಲೆಲ್ಲ ಎಣ್ಣೆ ನೆಲ ಕಣೇ, ಬಿದ್ದೀಯ" ಅಂದ. ನಾನು ಸೋಮವಾರದ ಸೀರೆಯನ್ನು ಶನಿವಾರವೇ ಇಸ್ತ್ರಿ ಮಾಡಿ ಇಟ್ಟಿದ್ದೆ.

ಸಾರ್ ಕೈಕೆಳಗೆ ಕೆಲಸ ಕಲಿಯುವುದು ಅಂದರೆ ಬೈಸಿಕೊಳ್ಳುವುದು. ತಪ್ಪು ಮಾಡಿದರೆ ಪ್ರೆಸ್ ಶಾಪಿಗೂ ಕೇಳುವ ಹಾಗೆ ಬೈಯುವರು, ಸರಿ ಮಾಡಿದರೆ ಕೋಡುಬಳೆ ಕೊಡುವರು. ನನ್ನ ಮೊದಲ ಸಂಬಳದಲ್ಲೇ ವೃತ್ತಿ ತೆರಿಗೆ ಹಿಡಿಯದೆ, "ನೋಡು, ನಿನ್ನ ಪಾಸು ಇಲ್ಲೂ ಕೆಲಸ ಮಾಡ್ತು. ಇದು ಅಂಗವಿಕಲರಿಗೆ ಮಾಫಿ" ಅಂದರು. ಅವರ ಈ ಖ್ಯಾತಿ ಕೇಳಿ ರಾಯಚೂರು ಕಡೆಯ ಒಬ್ಬ ವೆಲ್ಡರ್ ಒಂದು ದಿನ ಬಂದ. "ಸಾಹೇಬ್ರ, ನನಗೂ ಚಷ್ಮಾ ಬಂದೈತ್ರೀ. ಏನರ ಬಿಡ್ತಾರೇನ್ರೀ?" ಅಂದ. "ನಲವತ್ತು ಬೇಕಪ್ಪಾ, ನಿನ್ನ ಚಷ್ಮಾಕ್ಕೆ ನಾಲ್ಕೂ ಬರಲ್ಲ. ಅದಿರ್ಲಿ, ನಿನಗೆ ಟ್ಯಾಕ್ಸೇ ಇಲ್ವಲ್ಲೋ, ಏನು ಬಿಡ್ಲಿ?" ಅಂದರು. ಅವನು ತೆರಿಗೆ ಇಲ್ಲದ್ದಕ್ಕೆ ಬೇಜಾರು ಮಾಡಿಕೊಂಡು ಹೋದ. ಸಾರ್ ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ನನ್ನ ಬೂಟಿನ ಬಿಲ್ಲಿಗೂ ರಿಯಾಯಿತಿ ಇದೆ ಅಂತ ಒಂದು ವಾರ ವಾದ ಮಾಡಿ, ಕಂಪನಿಯ ಆಡಿಟರ್ ಹತ್ತಿರ ಸೋತು ಬಂದರು. ಸೋತದ್ದನ್ನು ಒಪ್ಪಿಕೊಳ್ಳಲಿಲ್ಲ.

ಒಂದು ಸಂಗತಿ ಹೇಳಬೇಕು. ಆಫೀಸಿನ ಹಿಂಬಾಗಿಲು ತೆಗೆದರೆ ನೆಲದ ಮೇಲೆ ಹಳದಿ ಗೆರೆ, ಅದರಾಚೆ ಕಾರ್ಖಾನೆ. ಪ್ರೆಸ್ ಶಾಪು, ಅದರ ಹಿಂದೆ ಅಣ್ಣನ ಮಷೀನ್ ಶಾಪು. ಎಂಟು ತಿಂಗಳಾದರೂ ನಾನು ಆ ಗೆರೆ ದಾಟಿರಲಿಲ್ಲ. ಏನಾದರೂ ಕೊಡಬೇಕಿದ್ದರೆ ಯಾರ ಕೈಲಾದರೂ ಕಳಿಸುತ್ತಿದ್ದೆ. ಎಣ್ಣೆ ನೆಲ ಅಂತ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಎಣ್ಣೆಗಿಂತ ಅಷ್ಟು ಜನ ಗಂಡಸರ ಕಣ್ಣಿಗೆ ಹೆದರಿದ್ದೆ.

ಜನವರಿ ಬಂತು. ಈ ಸಲ ಎಲ್ಲರ ಕಾಗದಗಳೂ ನನ್ನ ಟೇಬಲ್ಲಿಗೆ. ನಡುವೆ ಅಣ್ಣನದು ಬಂತು. ಅವನ ದುಂಡು ಅಕ್ಷರದಲ್ಲಿ ಹೋದ ವರ್ಷ ಬರೆದ ಹಾಗೆಯೇ ಬರೆದಿದ್ದ. ಅವಲಂಬಿತರು ಅನ್ನುವ ಕಡೆ ನನ್ನ ಹೆಸರು. ಅದನ್ನು ಕಂಪ್ಯೂಟರಿಗೆ ಏರಿಸಬೇಕಾದವಳು ನಾನೇ.

ಕಾಗದ ತಗೊಂಡು ಸಾರ್ ಹತ್ತಿರ ಹೋದೆ. ಅವರು ನೋಡಿದರು. ನನ್ನ ಕೈಗೇ ವಾಪಸ್ ಕೊಟ್ಟರು. ನಾನೇ ಶುರು ಮಾಡಿದೆ. "ಸಾರ್, ನನ್ನ ಸಂಬಳ ಟ್ಯಾಕ್ಸಿನ ಹತ್ತಿರಕ್ಕೂ ಬರಲ್ಲ. ನನ್ನ ಹೆಸರಲ್ಲಿ ಕೇಳಿದ್ರೆ ನನಗೇನೂ ಸಿಗಲ್ಲ. ಅಣ್ಣನ ಹೆಸರಲ್ಲೇ ಇದ್ರೆ ಮನೆಗೆ ಉಳಿಯುತ್ತೆ. ಒಂದೇ ಮನೆ ತಾನೇ?"

"ಲೆಕ್ಕ ಸರಿಯಾಗಿದೆ. ನಾನು ಕಲಿಸಿದ್ದಲ್ವಾ" ಅಂದರು.

ಆಮೇಲೆ ಆ ಮನುಷ್ಯ ಕುರ್ಚಿ ಮುಂದಕ್ಕೆ ಎಳೆದುಕೊಂಡು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಮಾತಾಡಿದರು. ಅವರು ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

"ನಾನು ಇದನ್ನ ಪಾಸ್ ಮಾಡಕ್ಕಾಗಲ್ಲ ಅಂತ ನಿಮ್ಮಣ್ಣನ ಕರೆದು ಹೇಳಬಹುದು. ಆದ್ರೆ ಅದು ನನ್ನ ಮಾತಲ್ಲ, ನಿನ್ನ ಮಾತು. ಒಂದೇ ಪ್ರಶ್ನೆ. ನೀನು ಡಿಪೆಂಡೆಂಟಾ?"

ನನಗೆ ಅಣ್ಣನ ಸೈಕಲ್ಲು ನೆನಪಾಯಿತು, ಮೊಪೆಡ್ಡು ನೆನಪಾಯಿತು. ಆಮೇಲೆ ಪಕ್ಕದ ಮನೆಯವರ ನಮಸ್ಕಾರ ನೆನಪಾಯಿತು. ಕಾಗದ ತಗೊಂಡು ಹಿಂಬಾಗಿಲು ತೆಗೆದೆ.

ಹಳದಿ ಗೆರೆ ದಾಟಿದ ಮೇಲೆ ಹೆಣ್ಣು ತೋರಿಸುವ ನಡಿಗೆಯೆಲ್ಲ ನಡೆಯುವುದಿಲ್ಲ. ಆ ನೆಲದಲ್ಲಿ ಹಾಗೆ ನಡೆದರೆ ಮೂರನೇ ಹೆಜ್ಜೆಗೆ ಅಂಗಾತ. ಕೈ ಮಂಡಿಗೆ ಹಾಕಿದೆ, ಸೊಂಟ ವಾಲಿಸಿದೆ, ಹೊರಟೆ. ಪ್ರೆಸ್ಸುಗಳ ಸದ್ದು ಒಂದೊಂದಾಗಿ ಕಮ್ಮಿಯಾಯಿತು. ನೋಡಿದರು, ಎಲ್ಲರೂ ನೋಡಿದರು. ನೋಡ್ಕೊಳ್ರೀ, ಟಿಕೆಟ್ ಏನಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡು ನಡೆದೆ.

ಅಣ್ಣ ನನ್ನನ್ನು ಕಂಡು ಮಷೀನು ನಿಲ್ಲಿಸಿದ. "ಏನೇ ಇದು! ಇಲ್ಲಿಗ್ಯಾಕೆ ಬಂದೆ? ಬಿದ್ದೀಯ!"

"ಬೀಳಲ್ಲ. ಅಣ್ಣಾ, ಇದ್ರಲ್ಲಿ ನನ್ನ ಹೆಸರು ಹೊಡೆದು ಹಾಕು."

"ಯಾಕೆ?"

"ನಾನು ಈಗ ಡಿಪೆಂಡೆಂಟ್ ಅಲ್ಲ."

ಅವನು ನನ್ನ ಮುಖ ನೋಡಿದ, ಕಾಗದ ನೋಡಿದ. "ನಿಂಗೂ ಏನೂ ಸಿಗಲ್ಲ, ನಂಗೂ ಹೋಗುತ್ತೆ. ಗೊತ್ತು ತಾನೇ?"

"ಗೊತ್ತು."

"ನಾನೇನ್ ಕಮ್ಮಿ ಮಾಡ್ದೆ ನಿಂಗೆ?" ಅಂದ.

"ಏನೂ ಕಮ್ಮಿ ಮಾಡಿಲ್ಲ ಕಣೋ. ಅದಕ್ಕೇ ನಾನೇ ನಡ್ಕೊಂಡು ಬಂದೆ. ಇಲ್ದಿದ್ರೆ ಸಾರ್ ಕೈಲಿ ಹೇಳಿಸ್ತಿದ್ದೆ."

ಅಣ್ಣ ಬಟ್ಟೆಯ ಚಿಂದಿಯಲ್ಲಿ ಕೈ ಒರೆಸಿಕೊಂಡ. ತುಂಬಾ ಹೊತ್ತು ಒರೆಸಿಕೊಂಡ. ಆಮೇಲೆ ನನ್ನ ಕೈಯಿಂದ ಪೆನ್ನು ಇಸಕೊಂಡು ಮಷೀನಿನ ಮೇಲೆಯೇ ಕಾಗದ ಇಟ್ಟು ಒಂದು ಗೆರೆ ಎಳೆದ. ಅವನ ಹೆಬ್ಬೆಟ್ಟಿನ ಗ್ರೀಸು ಪಕ್ಕದಲ್ಲೇ ಅಂಟಿತು. "ಇನ್ಮೇಲೆ ಕರೆಂಟ್ ಬಿಲ್ಲು ನಿಂದು" ಅಂದ. ಆಯ್ತು ಅಂದೆ. "ಹುಷಾರಾಗಿ ಹೋಗೇ, ಎಣ್ಣೆ ಇದೆ" ಅಂದ.

ವಾಪಸ್ ಬರುವಾಗ ಸಾರ್ ಹಳದಿ ಗೆರೆಯ ಮೇಲೆ ನಿಂತಿದ್ದರು. ಪ್ರೆಸ್ ಶಾಪಿನ ಕಡೆ ತಿರುಗಿ, "ಏನ್ರೋ ನೋಡ್ತಿದ್ದೀರಾ? ನಿಮ್ಮ ಬೆರಳು ನೋಡ್ಕೊಳ್ರೋ!" ಅಂತ ಕೂಗಿದರು. ಕಣ್ಣು ಕೆಂಪಾಗಿತ್ತು. ಕೋಡುಬಳೆಗೆ ಈ ಸಲ ಖಾರ ಜಾಸ್ತಿ ಅಂದರು.

ಸಾರ್ ನಿವೃತ್ತರಾಗಿ ಎರಡು ವರ್ಷಕ್ಕೆ ನನ್ನ ಸಂಬಳ ತೆರಿಗೆಯ ಗೆರೆ ಮುಟ್ಟಿತು. ಜಗತ್ತಿನಲ್ಲಿ ಟ್ಯಾಕ್ಸು ಬಂತು ಅಂತ ಕುಣಿದವಳು ನಾನೊಬ್ಬಳೇ ಇರಬೇಕು. ಮೊದಲ ಸಲ ನನ್ನ ಹೆಸರಿನ ಮುಂದೆ ಎಯ್ಟಿ ಯು ಅಂತ ಬರೆದು, ಸಾರ್ ಮನೆಗೆ ಫೋನ್ ಮಾಡಿ, "ಸಾರ್, ಟ್ಯಾಕ್ಸ್ ಬಂತು ಸಾರ್!" ಅಂತ ಕೂಗಿದೆ. "ಬಂತಾ! ಸ್ವೀಟ್ ಎಲ್ಲಿ?" ಅಂತ ಅವರು ಅದಕ್ಕಿಂತ ಜೋರಾಗಿ ಕೂಗಿದರು. ರಿಯಾಯಿತಿ ಕಳೆದು ಕೊನೆಗೆ ಕಟ್ಟಬೇಕಾದ ತೆರಿಗೆ ಏನೂ ಉಳಿಯಲಿಲ್ಲ. ಮೈಸೂರು ಪಾಕಿಗೆ ಖರ್ಚಾದದ್ದೇ ಜಾಸ್ತಿ.

ಮೂರು ವರ್ಷದ ಹಿಂದೆ ಸಾರ್ ಮಗ ಫೋನ್ ಮಾಡಿದ. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಅವನಿಗೆ. ಸಾರ್‌ಗೆ ಲಕ್ವ ಹೊಡೆದು ಎಡಭಾಗ ಬಿದ್ದು ಹೋಗಿ ಆರು ತಿಂಗಳಾಗಿತ್ತು. "ಅಕ್ಕಾ, ಅಪ್ಪಂಗೆ ಸರ್ಟಿಫಿಕೇಟ್ ಮಾಡಿಸ್ಬೇಕು. ನನ್ನ ಕೈಲಿ ಹೇಳಿಸ್ಕೊಳ್ತಿಲ್ಲ. ನೀವು ಬಂದ್ರೆ ಬರ್ತಾರೇನೋ" ಅಂದ. ಹೋಗಿ ನೋಡಿದೆ. ಗಂಟಲು ಹೋಗಿತ್ತು. ಮಾತು ತೊದಲು, ಹತ್ತಿರ ಕಿವಿ ಇಟ್ಟರೆ ಮಾತ್ರ ಕೇಳುವಷ್ಟು. ಅದೊಂದೇ ನನ್ನ ಕೈಲಿ ತಡೆಯಲಾಗಲಿಲ್ಲ. ಕಾಲು, ಕೈ ಎಲ್ಲ ನನಗೆ ಹೊಸದೇನಲ್ಲ. ಆ ಮೆಲುದನಿ ಮಾತ್ರ ಬೇಡವಾಗಿತ್ತು.

ಅದೇ ಆಸ್ಪತ್ರೆ, ಅದೇ ಬೆಂಚು. ಮಗ ಮತ್ತು ನಾನು ಎರಡೂ ಕಡೆ. ಹೆಸರು ಕೂಗುವ ಮುಂಚೆ ಸಾರ್ ಬಲಗೈಯಲ್ಲಿ ತಲೆ ಬಾಚಿಕೊಂಡರು, ಶರ್ಟಿನ ಕಾಲರ್ ಸರಿ ಮಾಡಿಕೊಂಡರು. ನನಗೆ ಅನುಮಾನ ಬಂತು. ಒಳಗೆ ಹೋದೆವು. ಡಾಕ್ಟರು ನಡೆಯಿರಿ ಅಂದರು. ನಮ್ಮ ಸಾರ್ ಮಗನ ಕೈ ಬಿಡಿಸಿಕೊಂಡು, ಗೋಡೆಗೆ ಒಂದು ಬೆರಳು ಮಾತ್ರ ತಾಗಿಸಿ, ಬೆನ್ನು ನೆಟ್ಟಗೆ ಮಾಡಿ, ಮುಖದ ಒಂದು ಪಕ್ಕದಲ್ಲಿ ನಗು ತಂದುಕೊಂಡು, "ಏನೂ... ತೊಂದ್ರೆ ಇಲ್ಲ... ಡಾಕ್ಟ್ರೇ" ಅಂದರು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ನಾನು ಎಲ್ಲಿದ್ದೇನೆ ಅನ್ನುವುದನ್ನೂ ಮರೆತು, ಅವರ ಗಂಟಲನ್ನು ನಾನು ಸಾಲ ತಗೊಂಡವಳ ಹಾಗೆ ಕೂಗಿದೆ. "ಸಾರ್! ಹೆಣ್ಣು ನೋಡೋಕೆ ಬಂದಿದ್ದೀರಾ? ಸಾರು ಉಕ್ತಿದೆ ಸಾರ್!"

ಡಾಕ್ಟರು ಬೆಚ್ಚಿಬಿದ್ದರು. ಸಾರ್ ಹಾಗೇ ನಿಂತರು. ಆಮೇಲೆ ಮೈ ಕುಲುಕಿ ನಗಲು ಶುರು ಮಾಡಿದರು. ನಗುತ್ತಾ ನಗುತ್ತಾ ಬೆನ್ನು ಸಡಿಲವಾಯಿತು, ಎಡಗಾಲು ಎಳೆಯಿತು, ಎಡಗೈ ಜೋತುಬಿತ್ತು. ಹಾಗೇ, ತಮ್ಮ ನಡಿಗೆಯಲ್ಲಿ, ಮಗನ ಭುಜ ಹಿಡಿದುಕೊಂಡು ಡಾಕ್ಟರ ಟೇಬಲ್ಲಿನವರೆಗೆ ಬಂದರು. ಎಪ್ಪತ್ತು ಬಂತು. ತಾತ್ಕಾಲಿಕ, ಐದು ವರ್ಷದ ಮೇಲೆ ಮತ್ತೆ ಪರೀಕ್ಷೆ ಅಂತ ಬರೆದಿತ್ತು. "ಅಂತೂ... ಪಾಸು" ಅಂದರು ಸಾರ್.

ಮನೆಗೆ ಬಂದಮೇಲೆ ಇನ್ನೊಂದು ತಕರಾರು. ಮಗ ತನ್ನ ಕಂಪನಿಗೆ ಕೊಡಬೇಕಾದ ಕಾಗದ ತಂದ. ಅವಲಂಬಿತರು ಅನ್ನುವ ಕಡೆ ತಂದೆ ಅಂತ ಬರೆಯಬೇಕು. ಸಾರ್ ಬೇಡ ಅಂತ ತಲೆ ಆಡಿಸಿದರು. ತಮ್ಮ ಎದೆ ಮುಟ್ಟಿ ತೋರಿಸಿದರು, ನನ್ನ ಹೆಸರಲ್ಲೇ ಬರಿ ಅಂತ. ನಾನು ಹೇಳಿದೆ. "ಸಾರ್, ನಿಮಗೆ ಈಗ ಟ್ಯಾಕ್ಸೇ ಇಲ್ಲ. ನಿಮ್ಮ ಹೆಸರಲ್ಲಿ ಹಾಕಿದ್ರೆ ಏನೂ ಸಿಗಲ್ಲ. ಮಗನ ಹೆಸರಲ್ಲಿದ್ರೆ ಮನೆಗೆ ಉಳಿಯುತ್ತೆ."

"ಲೆಕ್ಕ... ಸರಿಯಾಗಿದೆ" ಅಂದರು. ಆದರೆ ಒಪ್ಪಲಿಲ್ಲ.

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಅವರು ಅವತ್ತು ನನ್ನನ್ನು ಕೇಳಿದಷ್ಟೇ ಮೆಲ್ಲಗೆ ಕೇಳಿದೆ. "ಸಾರ್, ಒಂದೇ ಪ್ರಶ್ನೆ. ನೀವು ಡಿಪೆಂಡೆಂಟಾ?"

ಸಾರ್ ನನ್ನನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು. ಅವನು ರಾತ್ರಿ ಪಾಳಿ ಮುಗಿಸಿಕೊಂಡು ಹಾಗೇ ಆಸ್ಪತ್ರೆಗೆ ಬಂದಿದ್ದ, ಇನ್ನೂ ಕಾರ್ಖಾನೆಯ ಬಟ್ಟೆಯಲ್ಲೇ ಇದ್ದ. ಅಪ್ಪನ ತುಟಿಯ ಪಕ್ಕ ಇಳಿದ ಎಂಜಲನ್ನು ಮಾತಾಡದೆ ಒರೆಸುತ್ತಿದ್ದ. ಸಾರ್ ಕಣ್ಣಲ್ಲಿ ನೀರು ತುಂಬಿತು. ಅವತ್ತು ಕೋಡುಬಳೆ ಇರಲಿಲ್ಲ.

"ಹೂಂ ಕಣಮ್ಮ. ಪೂರ್ತಿ. ಬರ್ಕೋ" ಅಂದರು.

ಬರೆದೆ. ಮಗ ಸಹಿ ಮಾಡಲು ಪೆನ್ನು ತಗೊಂಡ. ಅಷ್ಟರಲ್ಲಿ ಸಾರ್ ಬಲಗೈಯಿಂದ ಮಂಚದ ಕಟ್ಟು ಕುಟ್ಟಿ, ಎಲ್ಲಿಂದಲೋ ಅಷ್ಟು ಉಸಿರು ಎಳೆದುಕೊಂಡು, ಆ ತೊದಲು ಬಾಯಲ್ಲೇ, ಬೀದಿಗೆ ಕೇಳುವ ಹಾಗೆ ಕೂಗಿದರು.

"ಐದು ವರ್ಷಕ್ಕೆ ಮಾತ್ರ! ಆಮೇಲೆ ಮತ್ತೆ ಪರೀಕ್ಷೆಗೆ ಹೋಗ್ತೀನಿ. ಫೇಲ್ ಆಗಿ ತೋರಿಸ್ತೀನಿ, ನೋಡ್ತಿರು!"

ಆ ಸರ್ಟಿಫಿಕೇಟಿಗೆ ಇನ್ನೂ ಎರಡು ವರ್ಷ ಬಾಕಿ ಇದೆ.